ಸಂಶಯಪಿಶಾಚಿಯ ತಪಸ್ಸು ಕಾಲ

ಕಲ್ಲಂಗಡಿಯನ್ನು ಮೂರು ಸಲ ತಟ್ಟಿ ನೋಡುವವರಿದ್ದಾರೆ. ನಾನು ತಟ್ಟಿ, ಮೂಸಿ, ಅಂಗಡಿಯವನ ಮುಖವನ್ನೂ ಪರೀಕ್ಷಿಸಿ, ಕೊನೆಗೆ ಕೊಳ್ಳದೆ ಬರುವವನು. ಇದಕ್ಕೆ ಹೊಟ್ಟೆಪಾಡೇ ಕಾರಣ ಎಂದು ಸಮಜಾಯಿಷಿ ಕೊಡುತ್ತಿರುತ್ತೇನೆ. ಯಲಹಂಕದ ಕಡೆಯ ಒಂದು ಡೈರಿಯಲ್ಲಿ ಹಾಲು ಪರೀಕ್ಷಿಸುವುದು ನನ್ನ ಕೆಲಸ. ಕ್ಯಾನು ಬಂದರೆ ಮೊದಲು ಅನುಮಾನ, ಆಮೇಲೆ ನಮಸ್ಕಾರ. "ನೋಡ್ಕೊಳಿ ಸಾರ್, ಗಟ್ಟಿ ಹಾಲು" ಎಂದು ಕೇಳದೆಯೇ ಹೇಳುವವನ ಹಾಲಿನಲ್ಲಿ ನೀರಿದ್ದೇ ಇರುತ್ತದೆ ಎಂಬುದು ನಾನು ಇಷ್ಟು ವರ್ಷದಲ್ಲಿ ಕಲಿತ ವೇದಾಂತ. ಕೆಂಪಾಪುರದ ಮನೆಗೆ ಬಂದಮೇಲೂ ಹಾಲಿಗೆ ನೀರು ಬೆರೆಸಿದ್ದನ್ನು ಪತ್ತೆಹಚ್ಚುವ ಲ್ಯಾಕ್ಟೋಮೀಟರನ್ನು ಮನಸ್ಸಿನಿಂದ ಕೆಳಗಿಡಲು ಆಗುವುದಿಲ್ಲ. ಹೆಂಡತಿ ಫಿಲೋಮಿನಾ ನನ್ನನ್ನು ಸಂಶಯಪಿಶಾಚಿ ಎಂದೇ ಕರೆಯುವುದು.

ನಮ್ಮ ಕ್ರೈಸ್ತರಲ್ಲಿ ನನ್ನಂಥವರಿಗೂ ಒಬ್ಬ ಸಂತನಿದ್ದಾನೆ ಎಂಬುದೇ ಸಮಾಧಾನ. ಯೇಸುಸ್ವಾಮಿ ಸತ್ತು ಮೂರನೆಯ ದಿನ ಎದ್ದುಬಂದರೆಂದು ಜೊತೆಯವರೆಲ್ಲ ಒಂದೇ ಸಮನೆ ಹೇಳಿದರೂ ತೋಮನೆಂಬ ಶಿಷ್ಯ ನಂಬಲಿಲ್ಲ. ಶಿಲುಬೆಯ ಮೊಳೆಯ ಗಾಯದಲ್ಲಿ ಬೆರಳಿಟ್ಟು ನೋಡಿದ ಹೊರತು ಒಪ್ಪುವುದಿಲ್ಲ ಎಂದ. ನನ್ನನ್ನು ಕೇಳಿದರೆ ಆ ಗುಂಪಿನಲ್ಲಿ ಡೈರಿ ಕೆಲಸಕ್ಕೆ ಲಾಯಕ್ಕಾದವನು ಅವನೊಬ್ಬನೇ.

ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನ ನಮಗೆ ತಪಸ್ಸು ಕಾಲ. ಪ್ರತಿಯೊಬ್ಬರೂ ಇಷ್ಟವಾದದ್ದೊಂದನ್ನು ಬಿಡಬೇಕು. ನಾನು ಮಟನ್ ಬಿಡುತ್ತೇನೆ, ಫಿಲೋಮಿನಾ ಕಾಫಿ ಬಿಡುತ್ತಾಳೆ, ನಲವತ್ತು ದಿನವೂ ಇಬ್ಬರೂ ಸಿಡುಕುತ್ತೇವೆ. ಹೋದ ವರ್ಷ ನಮ್ಮ ಚರ್ಚಿನ ಫಾದರ್ ಪ್ರಸಂಗದಲ್ಲಿ, "ಮಟನ್ ಬಿಟ್ಟಿದ್ದು ಸಾಕು ಕಣ್ರಪ್ಪಾ, ಈ ಸಲ ಫೋನ್ ಬಿಡಿ" ಎಂದರು. ಹಬ್ಬ ಹತ್ತಿರವಾದಾಗ ಚರ್ಚಿನ ಪ್ರತಿಮೆಗಳಿಗೆಲ್ಲ ನಾವು ನೇರಳೆ ಬಟ್ಟೆ ಹೊದಿಸುತ್ತೇವೆ. ಹೊಟ್ಟೆಯ ಜೊತೆ ಕಣ್ಣಿಗೂ ಉಪವಾಸವಿರಲಿ ಎಂದು ಹಿರಿಯರು ಮಾಡಿದ ಪದ್ಧತಿ. ಸಂತರಿಗೇ ಮುಸುಕು ಹಾಕುವವರು ಫೋನಿಗೆ ಹಾಕಬಾರದೇ ಎಂಬುದು ಫಾದರ್ ವಾದ. ಮಹಿಳಾ ಸಂಘದವರು ನೇರಳೆ ಬಟ್ಟೆಯಲ್ಲಿ ಲಾಡಿ ಕಟ್ಟುವ ಪುಟ್ಟ ಚೀಲಗಳನ್ನು ಹೊಲಿದು ಹರೆಯದ ಮಕ್ಕಳಿರುವ ಮನೆಗಳಿಗೆಲ್ಲ ಹಂಚಿದರು.

ಪಕ್ಕದ ಮನೆಯ ಮುಮ್ತಾಜ್ ಆಂಟಿಗೂ ಒಂದು ಚೀಲ ತೋರಿಸಿದೆವು. ಅವರ ಮನೆಯಲ್ಲೂ ಆಗ ರಂಜಾನ್ ಉಪವಾಸ. "ಹೊಟ್ಟೆಗೆ ರೋಜಾ ಹಿಡಿಸ್ಬೋದು ಕಣ್ರೀ, ಈ ಮಕ್ಕಳ ಬೆರಳಿಗೆ ಹೆಂಗ್ ಹಿಡಿಸೋದು?" ಎಂದು ಅವರು ನಿಟ್ಟುಸಿರಿಟ್ಟರು. ಅನುಮಾನದಲ್ಲಿ ನಮ್ಮದು ಸರ್ವಧರ್ಮ ಸಮನ್ವಯದ ಬೀದಿ.

ನಮ್ಮ ಮನೆಯ ಚೀಲ ಮಗಳು ಲೀನಾಳಿಗಾಗಿ ಬಂದದ್ದು. ಮೊದಲ ಪಿಯುಸಿ ಓದುತ್ತಿದ್ದಳು. ಭಾನುವಾರದ ಪೂಜೆಯಲ್ಲಿ ಕೀರ್ತನೆ ಹಾಡುತ್ತಿದ್ದವಳು ಕ್ರಿಸ್ಮಸ್ ಆದಮೇಲೆ ಹಾಡುವುದನ್ನೇ ಬಿಟ್ಟಿದ್ದಳು. ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಹಲ್ಲುನೋವಿರಬೇಕೆಂದು ಹೆಬ್ಬಾಳದ ದಂತವೈದ್ಯರ ಬಳಿ ಕರೆದೊಯ್ದೆ. ಹಲ್ಲೆಲ್ಲ ಗಟ್ಟಿಯಾಗಿವೆ ಎಂದು ಅವರು ಹೇಳಿದ್ದನ್ನು ನಂಬದೆ ಇನ್ನೊಬ್ಬರ ಬಳಿಗೂ ಎಳೆದೊಯ್ದೆ. ನಗು ನಿಂತ ಮನೆಯಲ್ಲಿ ಇರುವುದು ಬಹಳ ಕಷ್ಟ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಇಂಥ ಹುಡುಗಿ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರದಂದು ಮರುಮಾತಿಲ್ಲದೆ ಫೋಟೋ ಹಾಕುವ ಆ ಆಪನ್ನು ನಮ್ಮೆದುರೇ ತೆಗೆದುಹಾಕಿ, ಕಾಲೇಜಿನ ಮೆಸೇಜು ನೋಡುವಾಗ ಬಿಟ್ಟು ಉಳಿದಂತೆ ಫೋನು ಚೀಲದಲ್ಲೇ ಇರುತ್ತದೆ ಎಂದುಬಿಟ್ಟಳು. ಹದಿನಾರರ ಹುಡುಗಿ ಒಂದೇ ಮಾತಿಗೆ ಒಪ್ಪಿದರೆ ಉಳಿದ ಅಪ್ಪಂದಿರು ದೇವರಿಗೆ ಮೇಣದಬತ್ತಿ ಹಚ್ಚುತ್ತಾರೆ. ನನಗೆ ಮಾತ್ರ "ಗಟ್ಟಿ ಹಾಲು ಸಾರ್" ಎಂದವನ ನೆನಪಾಯಿತು.

ಹೀಗಾಗಿ ಅವಳನ್ನು ಕಾಯಲು ನಾನು ಅದೇ ಆಪಿನಲ್ಲಿ ಗುಟ್ಟಾಗಿ ಒಂದು ಕಳ್ಳ ಖಾತೆ ತೆರೆದೆ. ಹೆಸರು ರೋಸಿ ಪ್ರಿಯಾ. ಫೋಟೋ ಬೇಕೆಂದಾಗ ನಮ್ಮ ಬಾಲ್ಕನಿಯಲ್ಲಿ ಪೇಂಟಿನ ನೀಲಿ ಡಬ್ಬದಲ್ಲಿ ಬೆಳೆದ ಗುಲಾಬಿಯದೇ ತೆಗೆದು ಹಾಕಿದೆ. ಲೀನಾಳ ಖಾತೆಗೆ ಬೀಗವಿತ್ತು. ಸ್ನೇಹದ ಕೋರಿಕೆ ಕಳಿಸಿ ಬಾಗಿಲಲ್ಲಿ ಕಾದು ಕುಳಿತೆ. ಬಾಗಿಲು ತೆರೆಯಲಿಲ್ಲ. ಕಾಯುತ್ತಾ ಸುಮ್ಮನಿರಲಾಗದೆ ಅಲ್ಲಿದ್ದ ವಿಡಿಯೋ ನೋಡತೊಡಗಿದೆ. ಯಾವುದೋ ದೇಶದಲ್ಲಿ ಒಬ್ಬಾತ ಹಸುಗಳ ಗೊರಸು ಕೆತ್ತಿ ಸ್ವಚ್ಛ ಮಾಡುತ್ತಾನೆ. ಒಂದು ಗೊರಸು ಮುಗಿದರೆ ಇನ್ನೊಂದು. ಬಚ್ಚಲಲ್ಲಿ ಕುಳಿತು ನಾನು ಎಷ್ಟು ಹಸುಗಳ ಪಾದಸೇವೆ ಮಾಡಿದೆನೋ ದೇವರಿಗೇ ಗೊತ್ತು. "ಹೊಟ್ಟೆ ಸರಿಯಿಲ್ವೇನ್ರೀ?" ಎಂದು ಫಿಲೋಮಿನಾ ಹೊರಗಿನಿಂದ ಕೂಗುತ್ತಿದ್ದಳು. ಮಗಳ ತಪಸ್ಸನ್ನು ಕಾಯಲು ಹೋದ ಅಪ್ಪನ ತಪಸ್ಸೇ ಕೆಟ್ಟಿತ್ತು. ಇಷ್ಟಾಗಿಯೂ ಮಟನ್ ಮುಟ್ಟಲಿಲ್ಲವೆಂಬ ಹೆಮ್ಮೆ ನನಗಿತ್ತು.

ಹಬ್ಬದ ಹಿಂದಿನ ವಾರ ಎಲ್ಲರೂ ಪಾಪನಿವೇದನೆಗೆ ಹೋಗುವುದು ವಾಡಿಕೆ. ಜಾಲರಿಯ ಆಚೆ ಫಾದರ್, ಈಚೆ ಮೊಣಕಾಲೂರಿದ ನಾವು. ಗುರುತು ಸಿಗಬಾರದೆಂದು ನಾನು ದನಿ ಬದಲಿಸಿ ಶುರುಮಾಡಿದೆ. "ಇನ್ನಾಸಪ್ಪ, ಗಂಟಲು ಕಟ್ಟಿದ್ಯಾ?" ಎಂದರು ಫಾದರ್. ಆಮೇಲೆ ಮುಚ್ಚಿಡುವುದೇನು ಬಂತು, ರೋಸಿ ಪ್ರಿಯಾಳಿಂದ ಹಿಡಿದು ಗೊರಸಿನವರೆಗೆ ಎಲ್ಲ ಒಪ್ಪಿಸಿದೆ. ಯಾವಾಗಲೂ ಪ್ರಾಯಶ್ಚಿತ್ತಕ್ಕೆ ಐದೋ ಹತ್ತೋ ಜಪ ಹೇಳುವವರು ಅಂದು, "ಜಪ ಬೇಡ. ಮನೆಗೆ ಹೋಗಿ ಮಗಳಿಗೆ ಹೇಳಿ" ಎಂದರು. ನೂರು ಜಪವಾದರೂ ಕೊಡಿ ಫಾದರ್ ಎಂದು ಅಂಗಲಾಚಿದೆ. ಅವರು ಆಶೀರ್ವಾದ ಮಾಡಿ ಮುಂದಿನವರನ್ನು ಕರೆದರು.

ಸಂಜೆ ಲೀನಾ ಬಾಲ್ಕನಿಯಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದಳು. ತಲೆ ತಗ್ಗಿಸಿಕೊಂಡು ಹೇಳಿದೆ.

"ಗೊತ್ತಿತ್ತು ಪಪ್ಪಾ" ಎಂದಳು ನೀಲಿ ಡಬ್ಬವನ್ನು ತೋರಿಸಿ. "ಈ ಡಬ್ಬ ಕೆಂಪಾಪುರದಲ್ಲಿ ಇನ್ಯಾರ ಮನೇಲಿದೆ?"

ನಾಚಿಕೆಯಿಂದ ಸಾಯುವಂತಾದರೂ ನನ್ನ ಲ್ಯಾಬಿನ ಬುದ್ಧಿ ಎಚ್ಚರವಾಗಿಯೇ ಇತ್ತು. ಆಪನ್ನು ತೆಗೆದುಹಾಕಿದವಳಿಗೆ ನನ್ನ ಕೋರಿಕೆ ಕಂಡದ್ದು ಹೇಗೆ? ಕೇಳಿಯೇಬಿಟ್ಟೆ.

ಅವಳ ಕೈ ಬಾಯಿಗೆ ಹೋಯಿತು. "ಒಂದ್ಸಲ ಹಾಕ್ಕೊಂಡೆ. ನನ್ ಹಾಡಿನ ಕೆಳಗೆ ಇನ್ನೂ ಬರೀತಿದಾರಾ ಅಂತ ನೋಡೋಕೆ."

ಹಾಡು ಎಂದಾಗ ನನಗೆ ಹೊಳೆಯಿತು. ಕ್ರಿಸ್ಮಸ್ ದಿನ ಅವಳು ಹಾಡಿದ್ದನ್ನು ಮುಂದಿನ ಸಾಲಿನಲ್ಲಿ ನಿಂತು ಚಿತ್ರೀಕರಿಸಿದವನು ನಾನು. ಚರ್ಚಿನ ಯುವಕರ ಪುಟದಲ್ಲಿ ಹಾಕಿರೆಂದು ದುಂಬಾಲು ಬಿದ್ದವನೂ ನಾನೇ. ಲೈಕುಗಳ ಸಂಖ್ಯೆ ನೋಡಿ ಹಿಗ್ಗಿದ್ದೆ. ಕೆಳಗೇನು ಬರೆದಿದ್ದಾರೆಂದು ಓದುವ ಗೋಜಿಗೆ ಹೋಗಿರಲಿಲ್ಲ. ಕಲ್ಲಂಗಡಿಯನ್ನೂ ನಂಬದ ನಾನು ಅದೊಂದನ್ನು ಪರೀಕ್ಷಿಸದೆ ಊರಿಗೆಲ್ಲ ಹಂಚಿದ್ದೆ.

ಲೀನಾ ಚೀಲದ ಲಾಡಿ ಬಿಚ್ಚಿ, ಆ ಹಾಡಿನ ಪುಟ ತೆರೆದು ಫೋನನ್ನು ನನ್ನ ಕೈಗಿಟ್ಟಳು. ಹುಡುಗಿಯ ಮುಂದಿನ ಹಲ್ಲುಗಳ ನಡುವೆ ಸಣ್ಣ ಸಂದಿಯಿದೆ, ನನ್ನ ತಾಯಿಗೂ ಇತ್ತು. ಅದರ ಬಗ್ಗೆ ಮುಖ ಪರಿಚಯವೂ ಇಲ್ಲದವರು ಬರೆದದ್ದನ್ನು ಒಂದೊಂದಾಗಿ ಬೆರಳಿನಿಂದ ಸರಿಸುತ್ತಾ ಓದಿದೆ. ಬಾಯಿ ಮುಚ್ಚಿಕೊಂಡು ಹಾಡು ಎಂದು ಒಬ್ಬ ಬರೆದಿದ್ದ, ಅದರ ಕೆಳಗೆ ಎಷ್ಟೋ ಜನ ನಕ್ಕಿದ್ದರು. ನನಗೆ ಅಳು ಬಂತು, ಅತ್ತೆ. ತೋಮನಿಗೂ ಗಾಯ ಮುಟ್ಟಿದಮೇಲೆ ಹೀಗೇ ಆಗಿರಬೇಕು, ಕೈ ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ತಿಳಿಯದೆ.

"ನಾನು ಅಂತ ಗೊತ್ತಾದ್ಮೇಲೂ ಯಾಕಮ್ಮಾ ಬ್ಲಾಕ್ ಮಾಡ್ಲಿಲ್ಲ?" ಎಂದೆ.

"ಎಲ್ರೂ ಏನೇನೋ ಬರೀತಿದ್ರು. ನೀವೊಬ್ರೇ ಏನೂ ಬರೀದೆ ಕಾಯ್ತಾ ಇದ್ರಿ."

ಯುವಕರಿಗೆ ಹೇಳಿ ಆ ವಿಡಿಯೋ ತೆಗೆಸಿದೆ. ತೆಗೆದೆವು ಎಂದರು. ನಂಬದೆ ಮೂರು ಸಲ ಹುಡುಕಿ ನೋಡಿ, ಆಮೇಲೆ ರೋಸಿ ಪ್ರಿಯಾಳನ್ನೂ ಮಣ್ಣು ಮಾಡಿದೆ. ನಲವತ್ತು ದಿನದ ತಪಸ್ಸು ಫೋನಿನ ಹುಚ್ಚನ್ನು ಬಿಡಿಸುತ್ತದೆ ಎಂದು ಯಾರಾದರೂ ಸಾಕ್ಷಿ ಹೇಳಿದರೆ ನಾನು ಲ್ಯಾಕ್ಟೋಮೀಟರ್ ತರುತ್ತೇನೆ. ನಮ್ಮ ಮನೆಯಲ್ಲಿ ಮಗಳು ಒಂದು ಸಲ ಜಾರಿದಳು, ನಾನು ದಿನಾ ಜಾರಿದೆ. ಮೊಣಕಾಲೂರಿ ಒಪ್ಪಿಕೊಳ್ಳುವ ಒಂದು ಜಾಗ ಇಲ್ಲದಿದ್ದರೆ ಆ ಬಾಲ್ಕನಿಯ ಸಂಜೆ ಬರುತ್ತಿರಲಿಲ್ಲ. ಇಷ್ಟನ್ನು ಮಾತ್ರ ಪ್ರಮಾಣ ಮಾಡಿ ಹೇಳಬಲ್ಲೆ.

ಈಸ್ಟರಿನ ಮುಂದಿನ ಭಾನುವಾರ ಚರ್ಚುಗಳಲ್ಲಿ ತೋಮನ ಕತೆಯನ್ನೇ ಓದುತ್ತಾರೆ. ಅಂದು ಲೀನಾ ಕೀರ್ತನೆ ಹಾಡಲು ಎದ್ದಳು. ಮೊದಲ ಸಾಲು ನಡುಗಿತು, ಕೈ ಅರ್ಧದವರೆಗೆ ಬಂದು ಕೆಳಗಿಳಿಯಿತು, ಆಮೇಲೆ ದನಿ ತೆರೆಯಿತು. ಅಷ್ಟರಲ್ಲಿ ನನ್ನ ಮುಂದಿನ ಬೆಂಚಿನ ಹಿರಿಯರೊಬ್ಬರು ಮೆಚ್ಚಿ ಫೋನು ಮೇಲೆತ್ತಿದರು. ನಾನು ಎದ್ದು, ಜೇಬಿನಲ್ಲಿದ್ದ ನೇರಳೆ ಚೀಲವನ್ನು ತೆಗೆದು ಅವರ ಫೋನಿನ ಮೇಲೆ ಮೆಲ್ಲಗೆ ಮುಸುಕು ಹಾಕಿದೆ. ಅವರು ತಿರುಗಿ, ಇವನ್ಯಾರೋ ಕಳ್ಳನಿರಬೇಕು ಎಂಬಂತೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಒಳ್ಳೆಯ ಮನುಷ್ಯ, ಡೈರಿಯಲ್ಲಿ ಇರಬೇಕಾದವರು ಎಂದುಕೊಂಡು ನಾನು ಹಾಡು ಕೇಳುತ್ತಾ ನಿಂತೆ.