ಒಂದೇ ಬರೆಯಿರಿ ಎಂದ ಕಾಲಂ

ನಮ್ಮ ಶಾಲೆಯಲ್ಲಿ ಕನ್ನಡ ತರಗತಿ ನಿಂತು ಒಂದು ವರ್ಷವಾಯಿತು. ನಿಲ್ಲಿಸಿದ್ದು ಯಾರು ಎಂದು ಯಾರಾದರೂ ಕೇಳಿದರೆ ಈಗಲೂ ನನ್ನ ಮೈ ಉರಿಯುತ್ತದೆ.

ದೋಹಾದ ಈ ಭಾರತೀಯ ಶಾಲೆಗೆ ನಾನು ಕನ್ನಡ ಟೀಚರಾಗಿ ಸೇರಿದಾಗ ಅದು ನಜ್ಮಾ ಬಡಾವಣೆಯಲ್ಲಿತ್ತು. ಹೊಲಿಗೆ ಅಂಗಡಿ, ಕೆಫೆಟೇರಿಯಾಗಳ ಮೇಲಿನ ಮನೆಗಳಿಂದ ಮಕ್ಕಳು ನಡೆದೇ ಬರುತ್ತಿದ್ದರು. ಬ್ಯಾರಿ ಮನೆಯವರು, ತುಳು ಮನೆಯವರು, ಕೊಂಕಣಿಯವರು, ಎಲ್ಲರೂ ನನ್ನ ಕ್ಲಾಸಿಗೇ. ಬೆಂಚು ಸಾಲದೆ ಕಿಟಕಿಯ ಕಟ್ಟೆಯ ಮೇಲೂ ಕೂರಿಸಿದ್ದುಂಟು. ನನ್ನ ಮನೆಮಾತೂ ತುಳುವೇ. ಕನ್ನಡ ಬಂದದ್ದು ಅಜ್ಜಿ ಹೇಳಿದ ಕಥೆಗಳಿಂದ, ದೊಡ್ಡಪ್ಪ ಜಗಲಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದ ಪೇಪರಿನಿಂದ. ನಾನೂ ಹಾಗೆಯೇ ಕಥೆ ಹೇಳಿ ಕಲಿಸಿದೆ.

ಆಮೇಲೆ ಶಾಲೆ ಅಲ್ ಅಜೀಜಿಯಾ ಬಡಾವಣೆಗೆ ಹೋಯಿತು. ನಮ್ಮವರಲ್ಲಿ ಅನುಕೂಲವಾದವರು ಮಕ್ಕಳನ್ನು ಬ್ರಿಟಿಷ್ ಶಾಲೆಗೆ ಹಾಕಿದರು. ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನಲ್ಲಿ ಕಾಂಟ್ರಾಕ್ಟ್ ಮುಗಿದವರು ಸಂಸಾರವನ್ನು ಊರಿಗೆ ಕಳಿಸಿದರು. ಅವರ ಜಾಗಕ್ಕೆ ಬಿಹಾರದ, ನೇಪಾಳದ, ಶ್ರೀಲಂಕಾದ, ಸುಡಾನಿನ ಮಕ್ಕಳು ಬಂದರು. ಬರಲಿ, ಅವರ ಮೇಲೆ ನನಗೆ ಎಂತ ಸಿಟ್ಟು? ಕಾರಿಡಾರಿನಲ್ಲಿ ಎಲ್ಲರಿಗಿಂತ ಜೋರಾಗಿ ನನಗೆ “ನಮಸ್ಕಾರ ಟೀಚರ್” ಎನ್ನುವವಳು ಒಬ್ಬ ಸುಡಾನಿ ಹುಡುಗಿ.

ನನ್ನ ಸಿಟ್ಟು ಒಂದು ಫಾರ್ಮಿನ ಮೇಲೆ.

ಮಕ್ಕಳ ಬಗೆ ಬದಲಾಗಿದೆ, ಹೊಸದಾಗಿ ಲೆಕ್ಕ ತೆಗೆಯಬೇಕು ಎಂದು ಆಫೀಸಿನವರು ಕಳೆದ ವರ್ಷ ಮನೆಮನೆಗೆ ಅದನ್ನು ಕಳಿಸಿದರು. ವಾರದ ನಂತರ ಸೂಪರ್‌ವೈಸರ್ ನನ್ನನ್ನು ಕರೆದರು.

“ಕನ್ನಡದವರು ಮೂವರೇ ಮೇಡಂ. ಹತ್ತು ಮಂದಿ ಇಲ್ಲದೆ ಕ್ಲಾಸ್ ಇಲ್ಲ. ಖಲಾಸ್.”

“ಮೂವರಾ? ಈಗಷ್ಟೇ ಹದಿನಾಲ್ಕು ಮಕ್ಕಳನ್ನು ಕೂರಿಸಿ ಬಂದಿದ್ದೇನೆ ಸರ್!”

ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಮಾತೃಭಾಷೆ ಎಂಬಲ್ಲಿ ತುಳು, ಬ್ಯಾರಿ, ಕೊಂಕಣಿ, ಮತ್ತೆ ಬ್ಯಾರಿ, ಮತ್ತೆ ತುಳು.

“ಇವರೆಲ್ಲ ಕನ್ನಡ ಓದುವವರೇ.”

“ಅದಕ್ಕೆ ಕಾಲಂ ಇಲ್ಲವಲ್ಲ ಮೇಡಂ.”

ಆ ಹದಿನಾಲ್ಕು ಮಕ್ಕಳನ್ನು ಕಣ್ಣಾರೆ ನೋಡಲು ಎರಡು ಮಹಡಿ ಹತ್ತಿದರೆ ಸಾಕಿತ್ತು. ಆ ಮನುಷ್ಯ ಕುರ್ಚಿಯಿಂದ ಏಳಲಿಲ್ಲ.

ಶಾಲೆ ಬಿಟ್ಟಾಗ ಗೇಟಿನ ಹತ್ತಿರ ಟೈಲರ್ ಒಬ್ಬರ ಹೆಂಡತಿ ಸಿಕ್ಕಿದರು. ಅವರ ಮಗಳೂ ನನ್ನ ಮಗಳೂ ನನ್ನ ಕ್ಲಾಸಿನವರೇ. ಇದ್ದ ಸಿಟ್ಟೆಲ್ಲ ಅವರ ಮೇಲೆ ಸುರಿದೆ.

“ಕನ್ನಡ ಅಂತ ಬರೆದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಮಾರಾಯ್ತಿ?”

“ಎಂತ ಟೀಚರ್, ಮನೆಮಾತು ಕೇಳಿದ್ರು, ಬ್ಯಾರಿ ಅಂತ ಬರೆದೆ. ಶಾಲೆಗೆ ಸುಳ್ಳು ಬರೆದು ಕೊಡ್ಲಿಕ್ಕೆ ಉಂಟಾ?” ಅವರು ನಕ್ಕರು. “ಅದಿರಲಿ, ನಿಮ್ಮ ಮಗಳದ್ರಲ್ಲಿ ನೀವೆಂತ ಬರೆದದ್ದು?”

ನಾನು ತುಳು ಎಂದು ಬರೆದಿದ್ದೆ. ದಪ್ಪ ಅಕ್ಷರದಲ್ಲಿ, ಅಭಿಮಾನದಿಂದ. ಕನ್ನಡ ಟೀಚರ್ ಅಲ್ಲವೇ ನಾನು, ಕನ್ನಡವನ್ನು ಬೇರೆ ಬರೆದು ತೋರಿಸಬೇಕೇ ಅನ್ನಿಸಿತ್ತು.

ಮರುದಿನ ನಾವು ಒಂಬತ್ತು ತಾಯಂದಿರು ಫಾರ್ಮ್ ತಿದ್ದಿಸಲು ಆಫೀಸಿಗೆ ಹೋದೆವು. “ಸಿಸ್ಟಮ್ ಲಾಕ್ ಆಗಿದೆ” ಎಂದರು. ಆ ಹದಿನಾಲ್ಕು ಮಕ್ಕಳು ಈಗ ಹಿಂದಿ ಕ್ಲಾಸಿನಲ್ಲಿದ್ದಾರೆ. ನಾನು ಲೈಬ್ರರಿಯಲ್ಲಿ ಪುಸ್ತಕಕ್ಕೆ ರಟ್ಟು ಹಾಕುತ್ತೇನೆ.

ಮೊನ್ನೆ ಫಾರ್ಮ್ ಮತ್ತೆ ಬಂತು. ಈ ಸಲ ಕನ್ನಡ ಎಂದಷ್ಟೇ ಬರೆ ಎಂದು ಗಂಡ ಹೇಳಿದರು. ಕೈ ಬರಲಿಲ್ಲ. ಕಥೆ ಹೇಳಿ ಕನ್ನಡ ಕೊಟ್ಟ ಅಜ್ಜಿ ನನ್ನನ್ನು ಮುದ್ದು ಮಾಡಿದ್ದು ತುಳುವಿನಲ್ಲಿ. ಒಂದನ್ನು ಉಳಿಸಲು ಇನ್ನೊಂದನ್ನು ಇಲ್ಲವೆನ್ನಬೇಕೇ? ಎರಡನ್ನೂ ಬರೆದೆ, ಚೌಕದಲ್ಲಿ ಹಿಡಿಸದೆ ಕನ್ನಡ ಅಂಚಿಗೆ ಹೋಯಿತು. ‘ಒಂದೇ ಬರೆಯಿರಿ’ ಎಂದು ಕೆಂಪು ಶಾಯಿಯಲ್ಲಿ ಬರೆಸಿಕೊಂಡು ಇವತ್ತು ಅದು ವಾಪಸು ಬಂದಿದೆ. ಟೈಲರ್ ಹೆಂಡತಿಯದೂ ಬಂದಿದೆಯಂತೆ, ಬ್ಯಾರಿ ಮತ್ತು ಕನ್ನಡ. ಒಂದಕ್ಷರವನ್ನೂ ತಿದ್ದದೆ ನಾಳೆ ಎರಡೂ ಫಾರ್ಮನ್ನು ಆ ಸೂಪರ್‌ವೈಸರ್ ಮೇಜಿನ ಮೇಲೆ ಇಟ್ಟು ಬರುತ್ತೇವೆ.