ಪೈಪಿಗೆ ಕುಟ್ಟಿದ್ದು ನಾನೇ

ನಮ್ಮೂರು ಬಿಳಿಕೆರೆ ಪಕ್ಕ. ಸಮುದ್ರ ಹಾಗಿರಲಿ, ಈಜು ಕಲಿಯುವಷ್ಟು ನೀರೂ ನಮ್ಮ ಕೆರೆಯಲ್ಲಿ ವರ್ಷಪೂರ್ತಿ ನಿಲ್ಲುತ್ತಿರಲಿಲ್ಲ. ಅಂಥ ಊರಿನವನು ನಾನು ಸಬ್‌ಮರೀನಿನಲ್ಲಿ ದುಡಿದು ಬಂದೆ ಅಂದರೆ ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಜನ ಇವತ್ತಿಗೂ ನಗುತ್ತಾರೆ. "ಅದ್ರೊಳಗೆ ಕಿಟಕಿ ಐತಾ?" ಅಂತ ಕೇಳುತ್ತಾರೆ. ಇಲ್ಲ ಕಣ್ರೀ, ಸಾವಿರ ಸಲ ಹೇಳಿದ್ದೀನಿ, ಕಿಟಕಿ ಇಲ್ಲ. ಮೀನು ನೋಡೋಕೆ ಸರ್ಕಾರ ಸಂಬಳ ಕೊಡುತ್ತಾ?

ನಮ್ಮ ಕೆಲಸ ಕೇಳಿಸಿಕೊಳ್ಳೋದು. ಹಡಗುಗಳ ದಾರಿಯ ಕೆಳಗೆ ಸದ್ದಿಲ್ಲದೆ ಕೂತು, ಮೇಲೆ ಯಾವುದು ಹೋಯಿತು, ಎತ್ತ ಹೋಯಿತು ಅಂತ ಗುರುತು ಹಚ್ಚೋದು. ಯುದ್ಧ ಬಂದರೆ ಹೊಡೆಯೋದು. ನಮ್ಮದು ಡೀಸೆಲ್ಲಿನ ಸಬ್‌ಮರೀನು. ಆಗಾಗ ಮೇಲುಮೇಲಕ್ಕೆ ಬಂದು, ಗಾಳಿ ಎಳೆಯುವ ಕೊಳವೆಯನ್ನು ನೀರಿನಾಚೆ ಚಾಚಿ, ಎಂಜಿನ್ ಓಡಿಸಿ ಬ್ಯಾಟರಿ ತುಂಬಿಸಿಕೊಳ್ಳಬೇಕು. ಆಳಕ್ಕೆ ಇಳಿದ ಮೇಲೆ ಬ್ಯಾಟರಿಯೇ ಗತಿ. ಆಗ ಅದು ಬೆಕ್ಕಿನ ಹಾಗೆ ಓಡಾಡುತ್ತೆ.

ನಾನು ಸೇರುವ ಹೊತ್ತಿಗೆ ಅದಕ್ಕೆ ವಯಸ್ಸಾಗಿತ್ತು. ಹಡಗು ರಿಪೇರಿ ಮಾಡೋ ಯಾರ್ಡಿನಲ್ಲಿ ವರ್ಷಗಟ್ಟಲೆ ಬಿಚ್ಚಿಟ್ಟುಕೊಂಡು ಹೊಸ ಬ್ಯಾಟರಿ, ಕ್ಷಿಪಣಿ ಹಾರಿಸುವ ಏರ್ಪಾಡು, ನೀರೊಳಗಿನ ಸದ್ದು ಹಿಡಿಯುವ ಹೊಸ ಸೋನಾರ್ ಎಲ್ಲ ಕೂರಿಸಿದ್ದರು. ಏನು ಹೊಸದು ಮಾಡಿದರೂ ಡೀಸೆಲ್ ವಾಸನೆ ಮಾತ್ರ ಹೋಗಲಿಲ್ಲ. ರಜೆಗೆ ಬಂದರೆ ಅವ್ವ, "ಟ್ರಾಕ್ಟರ್ ಕೆಳಗೆ ಮಲ್ಗಿದ್ಯೇನ್ಲಾ?" ಅಂತ ನನ್ನ ಬಟ್ಟೆ ಬೇರೆಯಾಗಿ ಒಗೆಯೋಳು. ಅಯ್ಯೋ, ಆ ವಾಸನೆ ಈಗ ಎಲ್ಲಾದರೂ ಮೂಗಿಗೆ ಬಿದ್ದರೆ ಹೋಗೋ ಕೆಲಸ ಬಿಟ್ಟು ಅಲ್ಲೇ ನಿಂತುಬಿಡ್ತೀನಿ.

ಎಂಜಿನ್ ರೂಮಿನಲ್ಲಿ ನನಗೆ ಗುರು ಅಂದರೆ ಚೀಫ್, ಅಲ್ಲಿನ ಹಿರಿಯ ಮೆಕ್ಯಾನಿಕ್ಕು. ಕಾಕನಕೋಟೆ ಕಾಡು ದಾಟಿದರೆ ಬಾವಲಿ, ಅದರಾಚೆ ಕೇರಳದಲ್ಲಿ ಅವರ ಊರು. ಅವರಪ್ಪ ಎಚ್.ಡಿ. ಕೋಟೆ ಕಡೆ ಭೂಮಿ ಗುತ್ತಿಗೆ ಹಿಡಿದು ಶುಂಠಿ ಹಾಕಿದ್ದವರು, ಹಾಗಾಗಿ ಮಲಯಾಳಿಯಾದರೂ ಚೀಫ್‌ಗೆ ನಮ್ಮ ಕನ್ನಡ ಚೆನ್ನಾಗಿ ಬರುತ್ತಿತ್ತು. ನನ್ನನ್ನು "ಮೋನೇ" ಅನ್ನೋರು, ಮಗನೇ ಅಂತ. ಬಯ್ಯೋದು ಮಾತ್ರ ಅಪ್ಪಟ ಕೋಟೆ ಕನ್ನಡದಲ್ಲಿ.

ಸಬ್‌ಮರೀನಿಗೆ ಸೇರಿದ ಮಾತ್ರಕ್ಕೆ ಅಲ್ಲಿಯವನಾಗೋದಿಲ್ಲ. ಕಣ್ಣು ಕಟ್ಟಿ ಬಿಟ್ಟರೂ ಒಂದೊಂದು ವಾಲ್ವನ್ನೂ ಮುಟ್ಟಿ ಹೇಳಬೇಕು. ಆಮೇಲೆ ಎದೆಗೆ ಡಾಲ್ಫಿನ್ ಬಿಲ್ಲೆ. ನಾನು ಎಲ್ಲ ಪಾಸು ಮಾಡಿದ್ದೆ, ಒಂದು ಯಾನ ಬಾಕಿಯಿತ್ತು. ರಿಪೇರಿ ಆದ ಮೇಲೆ ಸಬ್‌ಮರೀನಿಗೆ ಅದು ಮೊದಲ ದೊಡ್ಡ ಪರೀಕ್ಷೆ. ಚೀಫ್‌ಗೆ ಕೊನೇ ಯಾನ, ವಾಪಸು ಬಂದರೆ ರಿಟೈರು. "ದಡಕ್ಕೆ ಬಂದ ದಿನ ನಿನ್ನೆದೆಗೆ ನಾನೇ ಚುಚ್ಚೋದು ಕಣೋ" ಅಂತ ಕ್ಯಾಪ್ಟನ್ ಹತ್ತಿರ ಒಪ್ಪಿಗೆಯನ್ನೂ ಪಡೆದಿದ್ದರು. ನನಗೆ ಬಿಲ್ಲೆಗಿಂತ ಅದೇ ದೊಡ್ಡದು.

ಪರೀಕ್ಷೆ ಅಂದರೆ, ನಮ್ಮದೇ ನೌಕಾಪಡೆಯ ಹಡಗು ನಮ್ಮನ್ನು ಹುಡುಕಬೇಕು, ನಾವು ಸಿಗಬಾರದು. ಫ್ಯಾನು ಬಂದ್, ಅಡುಗೆ ಬಂದ್, ಮಾತು ಬಂದ್. ಸೆಕೆಗೆ ಬೆವರು ಇಳೀತಿತ್ತು. ಹಡಗು ತಲೆ ಮೇಲೇ ಸುತ್ತುತ್ತಿತ್ತು. ನಾನು ಯಂತ್ರ ತಂಪಾಗಿಡುವ ನೀರಿನ ಪಂಪಿನ ಹತ್ತಿರ ಕೂತಿದ್ದೆ. ಪೈಪು ಯಾಕೋ ಬೆಚ್ಚಗಾಯಿತು, ನೀರು ಬರ್ತಿದೆಯೋ ಇಲ್ಲವೋ ಅನ್ನಿಸಿತು. ಊರಲ್ಲಿ ಬೋರ್‌ವೆಲ್ ಮೋಟಾರು ಹಾಕಿದಾಗ ನಾವೆಲ್ಲ ಏನು ಮಾಡ್ತೀವಿ? ಸ್ಪ್ಯಾನರಿನಲ್ಲಿ ಪೈಪಿಗೆ ಕುಟ್ಟಿ ಕಿವಿಗೊಡ್ತೀವಿ. ತುಂಬಿದ್ದರೆ ಒಂದು ಸದ್ದು, ಖಾಲಿಯಿದ್ದರೆ ಇನ್ನೊಂದು. ಹುಟ್ಟುಗುಣ ಸುಟ್ಟರೂ ಹೋಗಲ್ಲವಂತೆ. ಟಣ್ ಟಣ್ ಅಂತ ಎರಡೇಟು ಹಾಕಿಬಿಟ್ಟೆ.

ಸ್ವಲ್ಪ ಹೊತ್ತಿಗೆಲ್ಲ ಹಡಗು ಬಿಟ್ಟ ಸೋನಾರ್ ಸದ್ದು ನಮ್ಮ ಮೈಗೆ ಬಂದು ಬಡಿಯತೊಡಗಿತು. ಟಿಂಗ್. ಟಿಂಗ್. ಸಿಕ್ಕಿಬಿದ್ದಿದ್ದೆವು.

ಆಮೇಲೆ ಕ್ಯಾಪ್ಟನ್ ಎಂಜಿನ್ ರೂಮಿನ ಆರೂ ಜನರನ್ನು ನಿಲ್ಲಿಸಿ, "ಯಾರು?" ಅಂದರು. ನಾನು ಕುಟ್ಟಿದ್ದನ್ನು ಕಂಡವರು ಯಾರೂ ಇರಲಿಲ್ಲ. ಚೀಫ್ ಪಂಪಿನ ಆಚೆ ಬದಿಗಿದ್ದರು, ಕುಟ್ಟಿದ್ದು ಯಾರು ಅಂತ ಅವರಿಗೆ ಸದ್ದಿನಲ್ಲೇ ಗೊತ್ತಾಗಿತ್ತು. ಅವರು ನೆಲ ನೋಡುತ್ತಿದ್ದರು. ಸುಮ್ಮನಿದ್ದರೆ ಬಯ್ಗುಳ ಆರು ಜನಕ್ಕೂ ಹಂಚಿಹೋಗುತ್ತೆ, ಬಿಲ್ಲೆ ಎದೆಗೆ ಬರುತ್ತೆ. ನಾನು ಬಾಯಿಬಡುಕ ಅಂತ ಊರಿಗೆಲ್ಲ ಗೊತ್ತು, ಅವತ್ತು ಬಾಯಿಗೆ ಬಂದದ್ದು ಎರಡೇ ಮಾತು. ಒಂದು ಹೆಜ್ಜೆ ಮುಂದೆ ಬಂದು, "ನಾನೇ ಸಾರ್" ಅಂದೆ.

"ಇನ್ನಾರು ತಿಂಗಳು ಕಲಿ" ಅಂದರು ಕ್ಯಾಪ್ಟನ್. ಬಿಲ್ಲೆ ತಪ್ಪಿತು. ದಡಕ್ಕೆ ಬಂದ ದಿನವೇ ಚೀಫ್ ಟ್ರಂಕು ಹೊತ್ತು ಊರಿಗೆ ಹೋದರು. ಆರು ತಿಂಗಳ ಮೇಲೆ ಪರೇಡಿನಲ್ಲಿ ಯಾವನೋ ಸಾಹೇಬ ಚುಚ್ಚಿದ. ಥೂ, ಏನೂ ಅನ್ನಿಸಲಿಲ್ಲ.

ಆ ವಾರವೇ ಚೀಫ್ ಫೋನು. "ಮನೆಗೆ ಬಾ ಮೋನೇ."

ಬಿಲ್ಲೆಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಕೋಟೆಯಿಂದ ಬಾವಲಿ ಬಸ್ಸು ಹತ್ತಿದೆ. ಚೀಫ್ ಬರಿಮೈಯಲ್ಲಿ ಮೆಣಸು ಹರವುತ್ತಿದ್ದರು. ಕರ್ಚೀಫ್ ಬಿಚ್ಚಿ ಕೊಟ್ಟೆ. "ನಿಲ್ಲು" ಅಂತ ಒಳಗೆ ಹೋದವರು ಇಸ್ತ್ರಿ ಮಾಡಿದ ಬಿಳೀ ಯೂನಿಫಾರಂ ಅಂಗಿ ತೊಟ್ಟು ಬಂದರು. ಹೊಟ್ಟೆಯ ಹತ್ತಿರ ಗುಂಡಿ ಕೂಡುತ್ತಿರಲಿಲ್ಲ. ಅಂಗಳದಲ್ಲಿ ಎದೆ ಸೆಟೆಸಿ ನಿಂತು, ನನ್ನ ಅಂಗಿಗೆ ಬಿಲ್ಲೆ ಚುಚ್ಚಿದರು.

"ಅವತ್ತು ನೀನು ಸುಮ್ನಿದ್ದಿದ್ರೆ ದಡದಲ್ಲೇ ಚುಚ್ತಿದ್ದೆ" ಅಂದರು. "ಮನೆಗೆ ಮಾತ್ರ ಕರೀತಿರ್ಲಿಲ್ಲ ಕಣೋ."

ನನಗೆ ಅಳು ತಡೆಯಲಾಗಲಿಲ್ಲ. ಪಿನ್ನು ಮೈಗೆ ಚುಚ್ಚಿತೇನೋ ಅಂದುಕೊಂಡು ಅವರ ಹೆಂಡತಿ ಒಳಗಿನಿಂದ ಅರಿಸಿನ ಹಿಡಿದು ಓಡಿಬಂದರು.