ಮಣ್ಣು ಗೇಟು ದಾಟದಂತೆ

ವಾರ್ಸಿತಿ ಮೊದಲು ತನ್ನ ಬೂಟು ತೊಳೆದುಕೊಳ್ಳುತ್ತಾಳೆ. ಅಡಿಯ ಗೀರುಗಳಲ್ಲಿ ಕೂತ ಮಣ್ಣನ್ನು ಬಿದಿರ ಕಡ್ಡಿಯಿಂದ ಕೆದಕುತ್ತಾಳೆ, ಕೆದಕಿದ್ದನ್ನು ನೀರು ಬಿಟ್ಟು ಗುಂಡಿಗೆ ತಳ್ಳುತ್ತಾಳೆ. ಇಂಡೊನೇಷ್ಯಾದ ಸುರಬಾಯ ನಗರದ ಮಸೀದಿಗಳಲ್ಲಿ ಬೆಳಗಿನ ಪ್ರಾರ್ಥನೆ ಈಗಷ್ಟೇ ಮುಗಿದಿದೆ. ಹಳೆಯ ಬ್ಯಾಟರಿ ಕಾರ್ಖಾನೆಯ ಗೇಟಿನೊಳಗೆ ಲಾರಿಗಳು ಸಾಲುಗಟ್ಟಿವೆ.

ಕಾರ್ಖಾನೆ ಮುಚ್ಚಿ ಬಹಳ ಕಾಲವಾಯಿತು. ಇಲ್ಲಿ ಎತ್ತರದ ವಸತಿ ಕಟ್ಟಡಗಳು ಬರಲಿವೆ, ಮಕ್ಕಳಿಗೆ ಉದ್ಯಾನವೂ. ಅದಕ್ಕೆ ಮೊದಲು ಸೀಸ ಇಳಿದ ಮಣ್ಣನ್ನೆಲ್ಲ ಆಳುದ್ದ ಅಗೆದು ಊರಾಚೆಯ ಭದ್ರವಾದ ಹೊಂಡಕ್ಕೆ ಸಾಗಿಸಬೇಕು. ಲಾರಿ ರಸ್ತೆಗಿಳಿಯುವ ಮುನ್ನ ಚಕ್ರಕ್ಕಂಟಿದ ಮಣ್ಣು ತೊಳೆಯುವುದು ವಾರ್ಸಿತಿಯ ಕೆಲಸ. ದಿನಕ್ಕೆ ನಲವತ್ತು ಲಾರಿ. ನೀರಿನ ಪೈಪು ಹಿಡಿದೂ ಹಿಡಿದೂ, ಮಧ್ಯಾಹ್ನ ಅನ್ನದ ಪೊಟ್ಟಣ ಬಿಚ್ಚಲು ಬೆರಳು ಮಡಚುವುದಿಲ್ಲ.

“ಬು ವಾರ್ಸಿತಿ, ಹೀಗೆ ತಿಕ್ಕಿದ್ರೆ ನನ್ನ ಲಾರಿಗೆ ಸೈಕಲ್ ಚಕ್ರ ಉಳೀತದೆ,” ಎಂದು ಡ್ರೈವರ್ ಕಸಿರಾನ್, ಹಿರಿಯ ಹೆಂಗಸರನ್ನು ಕರೆಯುವಂತೆ ‘ಬು’ ಸೇರಿಸಿ, ಕಿಟಕಿಯಿಂದ ಛೇಡಿಸುತ್ತಾನೆ.

“ನೀನು ಓಡ್ಸೋ ಚೆಂದಕ್ಕೆ ಅದೇ ಜಾಸ್ತಿ,” ಎನ್ನುತ್ತಾಳೆ, ತಲೆಯೆತ್ತದೆ.

ಇದೇ ಆವರಣದ ಹಿಂಬದಿಯಲ್ಲಿ ಕಾರ್ಮಿಕರ ಸಾಲುಮನೆಗಳಿದ್ದವು. ಗಂಡ ಪೊನಿಮಿನ್ ಕುಲುಮೆಯಲ್ಲಿ ಸೀಸ ಕರಗಿಸುತ್ತಿದ್ದ. ಮಗಳು ಹೆಸ್ತಿ ಹುಟ್ಟಿದ್ದು ಅಲ್ಲೇ. ಹುಟ್ಟಿದ ದಿನ ಅವನೇ ಮಗುವಿನ ಹಿಂದೆ ಬಿದ್ದ ಮಾಸನ್ನು ತೊಳೆದು, ಹೂವು, ಉಪ್ಪು ಇಟ್ಟು, ಮಡಕೆಯಲ್ಲಿ ಮುಚ್ಚಿ ಬಾಗಿಲ ಎಡಕ್ಕೆ ಹೂತ. ಹೆಣ್ಣುಮಗುವಿನದು ಎಡಕ್ಕೇ. ಮಗುವಿನೊಂದಿಗೆ ಬಂದ ಒಡಹುಟ್ಟು ಅದು ಎಂಬ ನಂಬಿಕೆ. ಕತ್ತಲಲ್ಲಿ ಹೆದರಬಾರದೆಂದು ಬುಟ್ಟಿ ಬೋರಲು ಹಾಕಿ ದೀಪ ಹಚ್ಚಿಟ್ಟರು.

ಹೆಸ್ತಿ ಆಡಿದ್ದೂ ಆ ಬಾಗಿಲಲ್ಲೇ. “ಮಣ್ಣಲ್ಲಿ ಅಡುಗೆ ಮಾಡ್ತಿದ್ಲು. ನಂಗೂ ಎಲೆ ಮೇಲೆ ಬಡಿಸ್ತಿದ್ಲು. ನಾನು ತಿಂದ ಹಾಗೆ ಮಾಡ್ತಿದ್ದೆ,” ಎಂದು ಕಸಿರಾನ್‌ಗೆ ಹೇಳುತ್ತಾ ಪೈಪಿನ ಬಾಯಿ ಒರೆಸುತ್ತಾಳೆ. “ಅವಳು ನಿಜವಾಗ್ಲೂ ತಿಂತಿದ್ಲು.”

ಮೊದಲು ಮಾತು ನಿಂತಿತು, ಆಮೇಲೆ ಫಿಟ್ಸು. ಐದು ತುಂಬುವಷ್ಟರಲ್ಲಿ ಹೋದಳು. ಮಣ್ಣಿನದೇ ಕೆಲಸವೆಂದು ಆಗ ಯಾರೂ ಹೇಳಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಮೂಗು ಬಾಯಿ ಮುಚ್ಚಿಕೊಂಡ ಜನ ಬಂದು ಆ ಅಂಗಳದ ಮಣ್ಣನ್ನು ಪರೀಕ್ಷೆಗೆಂದು ಶೀಶೆಗೆ ತುಂಬಿದಾಗಲೇ ಅವಳಿಗೆ ಗೊತ್ತಾದದ್ದು. ಅಷ್ಟರಲ್ಲಿ ಪೊನಿಮಿನ್ ಕೂಡ ಇರಲಿಲ್ಲ. ಇಕ್ಕಟ್ಟಾದ ಸ್ಮಶಾನದಲ್ಲಿ ಹೆಸ್ತಿಯ ಗೋರಿಯ ಮೇಲೆ ಈಗ ಬೇರೆಯವರ ಹೆಸರಿದೆ. ಉಳಿದಿರುವುದು ಬಾಗಿಲ ಎಡದ ಆ ಜಾಗ ಒಂದೇ.

ಒಮ್ಮೆ ಕಾವಲುಗಾರ ಮಲ್ಲಿಗೆಗೆಂದು ಒಂದು ಕುಂಡ ಮಣ್ಣು ಹೊರಗೊಯ್ಯುತ್ತಿದ್ದ. ವಾರ್ಸಿತಿ ಗೇಟಿನಲ್ಲೇ ಸುರಿಸಿ, ಕುಂಡವನ್ನೂ ತೊಳೆದು ಕೈಗೆ ಕೊಟ್ಟಳು. ಅವನು ವಾರಗಟ್ಟಲೆ ಮಾತು ಬಿಟ್ಟಿದ್ದ.

ಎಲ್ಲರೂ ಗೌರವದಿಂದ ‘ಪಾಕ್’ ಎಂದು ಕರೆಯುವ ಮೇಸ್ತ್ರಿ ದಾರ್ಮೊ ಇವತ್ತು ಹಿಂಬದಿಯಲ್ಲಿ ಕೆಂಪು ಬಾವುಟ ನೆಟ್ಟು ಬಂದಿದ್ದಾರೆ. ನಾಳೆಯಿಂದ ಅಗೆಯುವ ಯಂತ್ರ ಸಾಲುಮನೆಗಳ ಜಾಗಕ್ಕೆ ಹೋಗುತ್ತದೆ. ಮನೆಗಳು ಬಿದ್ದು ಎಷ್ಟೋ ಕಾಲವಾದರೂ ವಾರ್ಸಿತಿಯ ಮೆಟ್ಟಿಲ ಕಲ್ಲು ಇನ್ನೂ ಇದೆ. ಬಾವುಟ ಅದರ ಪಕ್ಕದಲ್ಲೇ ಇದೆ.

ಕಸಿರಾನ್ ಕೆಳಗಿಳಿದು ಬಂದು, ಅನ್ನದ ಪೊಟ್ಟಣದಲ್ಲಿ ಆ ಜಾಗದ ಒಂದು ಹಿಡಿ ಮಣ್ಣು ಕಟ್ಟಿಕೊಂಡು ಹೋಗು, ನಾನು ನೋಡಿಲ್ಲ ಅಂತೀನಿ, ಎಂದು ಮೆಲ್ಲಗೆ ಹೇಳುತ್ತಾನೆ.

“ಆ ಕಾವಲುಗಾರನ ಕುಂಡ ಸುರಿಸಿದವಳು ನಾನು,” ಎನ್ನುತ್ತಾಳೆ. “ನನ್ನ ಓಣೀಲೂ ಮಕ್ಕಳಿದಾವೆ.”

ಪೈಪು ನಿಲ್ಲಿಸಿ, ಒದ್ದೆ ಕೈ ಒರೆಸಿಕೊಂಡು ದಾರ್ಮೊ ಎದುರು ನಿಲ್ಲುತ್ತಾಳೆ.

“ಪಾಕ್, ನಾಳೆ ಬರೋದು ನನ್ನ ಬಾಗಿಲ ಮಣ್ಣು. ಚಕ್ರ ತೊಳೆಯೋಕೆ ಬೇರೆ ಯಾರನ್ನಾದ್ರೂ ನಿಲ್ಲಿಸಿ.”

ದಾರ್ಮೊ ನಕ್ಷೆ ಮಡಿಸುತ್ತಾರೆ. ಕಸಿರಾನ್ ಲಾರಿ ಹತ್ತಿ ಕನ್ನಡಿ ಸರಿ ಮಾಡಿಕೊಳ್ಳುತ್ತಾನೆ. ಹಿಂದಿನ ಲಾರಿ ಹಾರ್ನ್ ಹಾಕುತ್ತದೆ.

“ಆ ಒಂದು ದಿನ ಮಾತ್ರ, ಪಾಕ್.”